ನನ್ನ ಹನ್ನೆರಡನೆಯ ಫಾರ್ಮು

ಕಾರ್ಕಳದ ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ತೆರೆದಿರುವ ಒಂದು ಹೂಡಿಕೆ ಕಂಪೆನಿಯ ಕಚೇರಿಗೆ ಕಳೆದ ವಾರ ಹೋಗಿದ್ದೆ. ಹೋಗಲೇಬೇಕೆಂದು ಹೋದದ್ದಲ್ಲ. ಅಮ್ಮನ ಮೊಣಕಾಲಿನ ಆಪರೇಷನ್ನಿಗೆಂದು ಇಟ್ಟಿದ್ದ ಠೇವಣಿಯೊಂದರ ಅವಧಿ ಮುಗಿದಿತ್ತು. ಅಮ್ಮ ಎರಡು ವರ್ಷದಿಂದ "ಅದಕ್ಕೆಂತ ಅವಸರ ಇಲ್ಲ" ಎನ್ನುತ್ತಲೇ ಇದ್ದಾಳೆ. ಈ ಸಂಗತಿಯನ್ನು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಬಾಯಿತಪ್ಪಿ ಹೇಳಿದ್ದೇ ತಪ್ಪಾಯಿತು. ಕಾಮರ್ಸ್ ಮೇಷ್ಟ್ರಾಗಿ ಹಣವನ್ನು ಹೀಗೆ ಸುಮ್ಮನೆ ಮಲಗಿಸಿಡುವುದು ನಾಚಿಕೆಗೇಡು ಎಂದು ಸಹೋದ್ಯೋಗಿಗಳೆಲ್ಲ ಸೇರಿ ತೀರ್ಮಾನಿಸಿ ನನ್ನನ್ನು ಅಲ್ಲಿಗೆ ಅಟ್ಟಿದರು.

ಗಾಜಿನ ಬಾಗಿಲು, ಮೈ ಕೊರೆಯುವ ಎಸಿ. ಎದುರಿಗೆ ಕುಳಿತವಳು ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ. ಕೊರಳಿನ ಪಟ್ಟಿಯಲ್ಲಿ ಹೆಸರಿನ ಕೆಳಗೆ 'ಇಂಟರ್ನ್' ಎಂದಿತ್ತು. ಜಡೆಯಲ್ಲಿ ಒಂದು ತುಂಡು ಉಡುಪಿ ಮಲ್ಲಿಗೆ. ನನ್ನ ವಯಸ್ಸು, ಉದ್ಯೋಗ, ಸಂಬಳ ಎಲ್ಲವನ್ನೂ ಕೇಳಿ ಬರೆದುಕೊಂಡ ಮೇಲೆ, ಪೆನ್ನನ್ನು ಒಂದು ಚೌಕದ ಮೇಲೆ ಇಟ್ಟು ಕೇಳಿದಳು: "ಸರ್, ಈ ಹಣ ನಿಮಗೆ ಯಾವಾಗ ಬೇಕಾಗ್ಬಹುದು?"

"ಎಂತ ಅವಸರ ಇಲ್ಲ" ಎಂದೆ.

ಅವಳ ಮುಖ ಅರಳಿತು. ಬರೆಯಲು ಬಗ್ಗಿದಳು. ಬಗ್ಗಿದ ರಭಸಕ್ಕೆ ಮಲ್ಲಿಗೆಯ ಪರಿಮಳ ಮೇಜು ದಾಟಿ ನನ್ನ ಮೂಗಿಗೆ ಬಂತು. ಯಾರೋ ಪಕ್ಕದಲ್ಲಿ ಕುಳಿತು ನನ್ನ ತೊಡೆಯನ್ನು ಚಿವುಟಿದ ಹಾಗಾಯಿತು. ಚಿವುಟಿದವರು ಯಾರೆಂದು ನಿಮಗೆ ಹೇಳಬೇಕು. ಹುಡುಗಿ ನಿಧಾನವಾಗಿ, ದುಂಡಗೆ ಬರೆಯುವವಳು. ನಮಗೆ ಸ್ವಲ್ಪ ಸಮಯವುಂಟು.

ಹದಿನಾಲ್ಕು ಹದಿನೈದು ವರ್ಷಗಳ ಹಿಂದಿನ ಮಾತು. ಮಣಿಪಾಲದಲ್ಲಿ ಎಂಬಿಎ ಓದುತ್ತಿದ್ದ ನನಗೆ ಬೇಸಿಗೆಯ ಎರಡು ತಿಂಗಳ ಇಂಟರ್ನ್‌ಶಿಪ್ ಒಂದು ದೊಡ್ಡ ಹೂಡಿಕೆ ಕಂಪೆನಿಯಲ್ಲಿ ಸಿಕ್ಕಿತು. ದೊಡ್ಡದೆಂದರೆ ನಿಜವಾಗಿಯೂ ದೊಡ್ಡದು. ಅದರ ಹೆಸರು ಪೇಪರಿನಲ್ಲಿ ವಾರಕ್ಕೆರಡು ಸಲ ಬರುತ್ತಿತ್ತು. ಕಾಪುವಿನ ನಮ್ಮ ಮನೆಯಲ್ಲಿ ಸುದ್ದಿ ಹೇಳಿದ ದಿನ ನಾನು ಸ್ವಲ್ಪ ಎತ್ತರವಾಗಿದ್ದೆ. ಮುಂಬಯಿಯ ಇಪ್ಪತ್ತನೆಯ ಮಹಡಿ, ಲಿಫ್ಟು, ಗೋಡೆ ತುಂಬ ಓಡುವ ಹಸಿರು ಕೆಂಪು ಅಂಕಿಗಳು ಎಲ್ಲ ಕಣ್ಣಮುಂದೆ ಬಂದಿದ್ದವು. ಕೊನೆಗೆ ಪತ್ರ ತೆರೆದು ನೋಡಿದರೆ ನನ್ನನ್ನು ಹಾಕಿದ್ದು ಅದೇ ಕಂಪೆನಿಯ ಮಣಿಪಾಲ ಶಾಖೆಗೆ. ಟೈಗರ್ ಸರ್ಕಲ್ಲಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಜ್ಯೂಸ್ ಅಂಗಡಿಯೊಂದರ ಮೇಲಿನ ಮಹಡಿ. ಲಿಫ್ಟು ಇರಲಿಲ್ಲ. ಅಂಕಿಗಳು ಓಡುತ್ತಿದ್ದ ಒಂದು ಟಿವಿ ಇತ್ತು, ಕರೆಂಟು ಇದ್ದಾಗ ಓಡುತ್ತಿದ್ದವು.

ಟೈ ಕಡ್ಡಾಯ. ಏಪ್ರಿಲ್ ಮೇ ತಿಂಗಳಿನಲ್ಲಿ ನಮ್ಮ ಕರಾವಳಿಯಲ್ಲಿ ಅಂಗಿ ತೊಡುವುದೇ ಒಂದು ಸಾಹಸ, ಅದರ ಮೇಲೆ ಟೈ. ನನಗೆ ಅದನ್ನು ಕಟ್ಟಲು ಬರುತ್ತಿರಲಿಲ್ಲ. ಗೆಳೆಯನೊಬ್ಬ ಕಟ್ಟಿಕೊಟ್ಟ ಗಂಟನ್ನು ಎರಡು ತಿಂಗಳೂ ಬಿಚ್ಚದೆ, ಬೆಳಿಗ್ಗೆ ತಲೆಯ ಮೂಲಕ ಇಳಿಸಿಕೊಂಡು ಸಂಜೆ ತಲೆಯ ಮೂಲಕವೇ ತೆಗೆಯುತ್ತಿದ್ದೆ. ಕಾಪುವಿನಿಂದ ಉಡುಪಿಗೆ ಹೋಗುವ ಬಸ್ಸಿನ ಕಂಡಕ್ಟರು ಮೊದಲ ದಿನ ಮದುವೆ ಎಲ್ಲಿ ಎಂದು ಕೇಳಿದ. ಎರಡನೆಯ ದಿನವೂ ಕೇಳಿದ. ಮೂರನೆಯ ದಿನದಿಂದ ನಾನು ಟೈಯನ್ನು ಬ್ಯಾಗಿನಲ್ಲಿಟ್ಟು, ಕಚೇರಿಯ ಮೆಟ್ಟಿಲಿನ ತಿರುವಿನಲ್ಲಿ ಧರಿಸತೊಡಗಿದೆ.

ನನ್ನ ಕೆಲಸವೇನೆಂದರೆ ಜನರ ಮನೆಗೆ ಹೋಗಿ ಮ್ಯೂಚುವಲ್ ಫಂಡಿನ ಬಗ್ಗೆ ವಿವರಿಸಿ, ಮನಸ್ಸಿದ್ದವರಿಂದ ಅರ್ಜಿ ಬರೆಸಿಕೊಂಡು ಬರುವುದು. ಎರಡು ತಿಂಗಳಿನಲ್ಲಿ ಹನ್ನೆರಡು ಅರ್ಜಿ ತಂದವರಿಗೆ ಓದು ಮುಗಿದ ಕೂಡಲೇ ಅಲ್ಲೇ ಕೆಲಸ ಎಂದು ಮ್ಯಾನೇಜರರು ಮೊದಲ ದಿನವೇ ಹೇಳಿದ್ದರು. ಗೋಡೆಯ ಬಿಳಿ ಬೋರ್ಡಿನಲ್ಲಿ ನನ್ನ ಹೆಸರು ಬರೆದು ಮುಂದೆ ಸೊನ್ನೆ ಹಾಕಿದರು. ಆ ಕೆಲಸ ನನಗೆ ಬೇಕಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಬೇಕಿತ್ತು.

ಶಾಖೆಯಲ್ಲಿ ಅರ್ಜಿಗಳನ್ನು ಪರಿಶೀಲಿಸುತ್ತಿದ್ದವರು ಪದ್ಮಿನಿ ಮೇಡಂ. ಐವತ್ತರ ಹತ್ತಿರದವರು, ಉಡುಪಿಯ ರಥಬೀದಿಯ ಕಡೆಯವರು, ಗಂಡನ ಮನೆಯವರು ತಲೆಮಾರುಗಳಿಂದ ಪೂಜೆ ಮಾಡಿಕೊಂಡು ಬಂದವರು. ಮಧ್ಯಾಹ್ನ ಅವರು ಡಬ್ಬಿ ತೆರೆದರೆ ಕಚೇರಿಯೆಲ್ಲ ಸಾರಿನ ಘಮ. ನಾನು ಏನಾದರೊಂದು ನೆಪ ಮಾಡಿ ಆ ಮೇಜಿನ ಸುತ್ತ ಸುಳಿಯುತ್ತಿದ್ದೆ. ಅವರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಕಂಪೆನಿಯ ನಿಯಮದ ಪ್ರಕಾರ ಪ್ರತಿ ಅರ್ಜಿದಾರರಿಗೂ ಮುಂಬಯಿಯಿಂದ ಒಂದು ಫೋನ್ ಬರುತ್ತಿತ್ತು. ಅದು ಸಾಲದೆಂದು ಮೇಡಂ ತಾವೇ ಇನ್ನೊಂದು ಫೋನ್ ಮಾಡುತ್ತಿದ್ದರು, ಅವರವರ ಭಾಷೆಯಲ್ಲಿ. ತುಳು, ಕೊಂಕಣಿ, ಬೇಕಾದರೆ ಸ್ವಲ್ಪ ಬ್ಯಾರಿ. ಮೊದಲು ಸೆಕೆಯ ಮಾತು, ನಂತರ ಆರೋಗ್ಯದ ಮಾತು, ಕೊನೆಗೆ ಮಾತಿಗೆ ಮಾತು ಬಂತೆಂಬಂತೆ, ಈ ವರ್ಷ ಮನೆಯಲ್ಲಿ ಎಂತ ಕೆಲಸ ಉಂಟು ಎಂದು ಒಂದು ಪ್ರಶ್ನೆ. ಹಣದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಹೆಂಗಸರಿಗೆ ಸುಮ್ಮನೆ ಹರಟೆ, ಪಟ್ಟಾಂಗ ಬೇಕು ಎಂದು ನಾನು ಒಳಗೊಳಗೇ ನಗುತ್ತಿದ್ದೆ. ನನಗೆ ಆಗ ಇಪ್ಪತ್ತೆರಡು ವರ್ಷ, ಎಲ್ಲ ಗೊತ್ತಿತ್ತು.

ಮೊದಲ ತಿಂಗಳು ಮುಗಿಯುವಾಗ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ನಾಲ್ಕು. ಎರಡನೆಯ ತಿಂಗಳಿನ ಕೊನೆಯ ವಾರಕ್ಕೆ ಹನ್ನೊಂದು. ಗುರುತಿನವರು, ಗುರುತಿನವರ ಗುರುತಿನವರು ಎಲ್ಲ ಖಾಲಿಯಾಗಿದ್ದರು. ಆಗ ಅಮ್ಮನೇ ನೆನಪಿಸಿದ್ದು, ಲಿಲ್ಲಿ ಬಾಯಿಯ ಹತ್ತಿರ ಯಾಕೆ ಕೇಳಬಾರದು ಎಂದು.

ಲಿಲ್ಲಿ ಬಾಯಿ ಶಿರ್ವದಲ್ಲಿ ಅಮ್ಮನ ತವರುಮನೆಯ ನೆರೆಯವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳನ್ನು ಮದುವೆ ಮಾಡಿ ಕೊಟ್ಟಿದ್ದರು. ಅಂಗಳದ ತುಂಬ ಮಲ್ಲಿಗೆ ಗಿಡಗಳು. ಆ ಕಡೆಯಲ್ಲಿ ಮಲ್ಲಿಗೆಯೆಂದರೆ ಅಂದಕ್ಕೆ ಬೆಳೆಸುವುದಲ್ಲ, ಅದು ಬದುಕು. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಹೂವಿನವನ ಬೈಕು ಬರುವುದರೊಳಗೆ ಸಿದ್ಧವಾಗಬೇಕು. ಬಾಲ್ಯದಲ್ಲಿ ರಜೆಗೆ ಹೋದಾಗಲೆಲ್ಲ ನಾನು ಅವರ ಜಗಲಿಯಲ್ಲಿ ಕುಳಿತು ನಾರು ಸೀಳಿ ಕೊಟ್ಟದ್ದುಂಟು. ಸೀಳಿದ್ದಕ್ಕಿಂತ ಹಾಳು ಮಾಡಿದ್ದೇ ಹೆಚ್ಚು ಎಂದು ಅವರು ಅಮ್ಮನಲ್ಲಿ ದೂರುತ್ತಿದ್ದರು.

ಟೈ ಹಾಕಿಕೊಂಡು ಬಂದ ನನ್ನನ್ನು ನೋಡಿ ಅವರು ಬಹಳ ಸಂತೋಷಪಟ್ಟರು. ಬೆಲ್ಲ, ನೀರು, ನಂತರ ಹಲಸಿನ ಹಣ್ಣಿನ ಗಟ್ಟಿ. ತಿಂದು ಮುಗಿಸಿ ನಾನು ಕಂಪೆನಿ ಕಲಿಸಿದ ಪಾಠವನ್ನು ಒಪ್ಪಿಸತೊಡಗಿದೆ. ಫಂಡಿನ ಬೆಲೆ ದಿನವೂ ಬದಲಾಗುತ್ತದೆ, ಇವತ್ತು ಹಣ ಕಟ್ಟಿದರೂ ಯಾವ ಬೆಲೆಗೆ ಸಿಕ್ಕಿತೆಂದು ಸಂಜೆಯ ಮೇಲೆಯೇ ತಿಳಿಯುವುದು ಎಂಬಲ್ಲಿಗೆ ಬಂದಾಗ ಎಂದಿನಂತೆ ತಡವರಿಸಿದೆ. ಬೇರೆ ಮನೆಗಳಲ್ಲಿ ಬ್ಯಾಂಕಿನ ನಿವೃತ್ತ ಅಧಿಕಾರಿಗಳೇ ಈ ಮಾತಿಗೆ ನನ್ನನ್ನು ತಡೆದು, ಬೆಲೆ ಗೊತ್ತಿಲ್ಲದೆ ಯಾರಾದರೂ ವ್ಯಾಪಾರ ಮಾಡುತ್ತಾರೆಯೇ ಎಂದು ಗದರಿದ್ದರು. ಲಿಲ್ಲಿ ಬಾಯಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಕೈಯಲ್ಲಿದ್ದ ನಾರನ್ನು ಬಿಗಿದು, ಮಲ್ಲಿಗೆಯೂ ಹಾಗೆಯೇ ಅಲ್ಲವೇ ಎಂದರು. ಹೂವನ್ನು ಬೆಳಿಗ್ಗೆ ಕೊಟ್ಟು ಬಿಡುವುದು; ಅಟ್ಟೆಗೆ, ಅಂದರೆ ನಾಲ್ಕು ಚೆಂಡು ಹೂವಿಗೆ, ಎಷ್ಟು ಎಂದು ಶಂಕರಪುರದ ಮಾರುಕಟ್ಟೆಯಲ್ಲಿ ರೇಟು ಕಟ್ಟಿದ ಮೇಲೆ ತಿಳಿಯುವುದು. ಕೊಟ್ಟ ಮೇಲೆ ಕಡಿಮೆಯಾಯಿತೆಂದು ಹೂವನ್ನು ವಾಪಸು ಕೇಳಲಿಕ್ಕುಂಟೇ? ನಲವತ್ತು ವರ್ಷದಿಂದ ಅವರು ಮಾಡಿಕೊಂಡು ಬಂದದ್ದನ್ನು ನಾನು ಒಂದು ವರ್ಷ ಓದಿ ಕಲಿತಿದ್ದೆ. ಆ ಕ್ಷಣದಲ್ಲಿ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ಅರ್ಜಿ ಸಿಕ್ಕೇ ಸಿಗುತ್ತದೆಂಬ ಆಸೆಯೂ ಜೊತೆಗೇ ಉಕ್ಕಿತು.

ಅರ್ಜಿಯಲ್ಲಿ ಆ ಪ್ರಶ್ನೆ ಬಂತು: ಹಣ ಯಾವಾಗ ಬೇಕಾಗಬಹುದು? ಐದು ವರ್ಷದ ಮೇಲೆ ಎಂದಾದರೆ ಮಾತ್ರ ಆ ಫಂಡು ಸರಿ. ಅದಕ್ಕಿಂತ ಮೊದಲು ತೆಗೆಯಲು ಹೋದರೆ ಮಾರುಕಟ್ಟೆ ಇಳಿದಿರಬಹುದು, ಹಾಕಿದ್ದೇ ಪೂರ್ತಿ ಸಿಗದಿರಬಹುದು.

"ಎಂತ ಅವಸರ ಇಲ್ಲ ಮಗಾ" ಎಂದರು.

ಇಲ್ಲಿ ಸ್ವಲ್ಪ ನಿಲ್ಲಿ. ನೀವು ನಮ್ಮ ಕಡೆಯವರಾದರೆ ಈ ಮಾತಿನ ಬೆಲೆ ನಿಮಗೆ ಗೊತ್ತು. ನಮ್ಮಲ್ಲಿ ಮನೆಗೆ ಬಂದವರ ಮುಂದೆ ಬೇಕು ಎನ್ನುವ ಪದ ನಾಲಗೆಯಲ್ಲಿ ಹೊರಳುವುದೇ ಇಲ್ಲ. ಟೈಲರು ಅಂಗಿ ಯಾವಾಗ ಬೇಕೆಂದರೆ ಅವಸರ ಇಲ್ಲ ಎನ್ನುತ್ತೇವೆ, ಮದುವೆ ನಾಡಿದ್ದು ಇರುತ್ತದೆ. ಡಾಕ್ಟರು ನೋವು ಹೇಗಿದೆ ಎಂದರೆ ಹಾಗೆಂತ ಇಲ್ಲ ಎಂದು ಕುಂಟಿಕೊಂಡು ಹೊರಗೆ ಬರುತ್ತೇವೆ. ಅದು ಸುಳ್ಳಲ್ಲ, ಮರ್ಯಾದೆ. ಎದುರಿಗಿದ್ದವನು ಅದನ್ನು ನಂಬಬಾರದೆಂಬುದೂ ಆ ಮರ್ಯಾದೆಯ ಭಾಗವೇ. ಮುಂಬಯಿಯಿಂದ ಬಂದ ನಮ್ಮ ಮ್ಯಾನೇಜರರು ನಂಬಿದ್ದರೆ ಕ್ಷಮಿಸಬಹುದಿತ್ತು. ನಾನು ಕಾಪುವಿನವನು.

ಅಷ್ಟೇ ಅಲ್ಲ, ನಾನು ಕುಳಿತಲ್ಲಿಂದ ಬಾವಿ ಕಾಣುತ್ತಿತ್ತು. ಬಾವಿಕಟ್ಟೆಯ ಪಕ್ಕದಲ್ಲಿ ಕೆಂಪು ಕಲ್ಲುಗಳನ್ನು ಒತ್ತಾಗಿ ಪೇರಿಸಿಟ್ಟಿದ್ದರು. ಒಂದು ಮಳೆಗಾಲ ಕಳೆದ ಕಲ್ಲುಗಳು, ಪಾಚಿ ಹಿಡಿದು ಒಣಗಿ ಕಪ್ಪಾಗಿದ್ದವು. ಬಾವಿಯ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿತ್ತು. ಅಂಗಳದ ಗಿಡಗಳ ಎಲೆ ಸೊರಗಿತ್ತು. ಇಷ್ಟನ್ನೂ ನೋಡಿದೆ; ನೋಡಿ, ಐದು ವರ್ಷದ ಮೇಲೆ ಎಂಬ ಚೌಕದಲ್ಲಿ ಗುರುತು ಹಾಕಿದೆ. ಅವರು ಸಹಿ ಮಾಡಿ, ಹೂವಿನ ಹಣದಿಂದ ಕೂಡಿಟ್ಟ ಮೊತ್ತಕ್ಕೆ ಚೆಕ್ಕನ್ನೂ ಕೊಟ್ಟರು. ಕೊಡುವಾಗ ಕೇಳಿದರು: "ಇದು ಆದ್ರೆ ನಿನಗೆ ಪಾಸ್ ಆಗ್ತದಲ್ವಾ?" ನನಗಿದು ಪರೀಕ್ಷೆಯೆಂದು ಅಮ್ಮ ಹೇಳಿದ್ದಿರಬೇಕು. ಆಗುತ್ತದೆ ಎಂದೆ.

ಮರುದಿನ ಬೆಳಿಗ್ಗೆ ಲಕೋಟೆಯನ್ನು ಪದ್ಮಿನಿ ಮೇಡಂ ಮೇಜಿನ ಮೇಲಿಟ್ಟು ಬೋರ್ಡಿನತ್ತ ನೋಡುತ್ತ ನಿಂತೆ. ಅವರು ಅರ್ಜಿಯನ್ನು ಎರಡು ಸಲ ಓದಿದರು. ಮಲ್ಲಿಗೆ ಕೃಷಿ ಎಂಬಲ್ಲಿ ಬೆರಳಿಟ್ಟು, ಬಾವಿಯಲ್ಲಿ ನೀರು ಹೇಗುಂಟು ಎಂದು ಕೇಳಿದರು. ನಾನು ಬೋರ್ಡಿನ ಹನ್ನೊಂದನ್ನು ಮತ್ತೊಮ್ಮೆ ಓದಿದೆ. ಅವರು ಫೋನನ್ನು ಕೈಗೆತ್ತಿಕೊಂಡವರು ಏನನ್ನೋ ಯೋಚಿಸಿ ಕೆಳಗಿಟ್ಟರು.

"ಇವರಿಗೆ ನಾನು ಫೋನ್ ಮಾಡುವುದಿಲ್ಲ. ನಿನ್ನ ಗುರುತಿನವರು, ನೀನೇ ಹೋಗಿ ಕೇಳು, ಈ ವರ್ಷ ಮನೆಯಲ್ಲಿ ಎಂತ ಕೆಲಸ ಉಂಟು ಅಂತ. ಕೇಳಿದ ಮೇಲೂ ಸರಿ ಅಂತ ಕಂಡರೆ ನಾಳೆ ಮೂರು ಗಂಟೆಯ ಒಳಗೆ ತಂದುಕೊಡು, ನಾನು ಹಾಕ್ತೇನೆ. ಕೇಳದೆ ತಂದರೂ ಹಾಕ್ತೇನೆ. ಅದು ನಿನಗೆ ಬಿಟ್ಟದ್ದು."

ನಾಳೆ ಎಂದರೆ ಇಂಟರ್ನ್‌ಶಿಪ್ಪಿನ ಕೊನೆಯ ದಿನ.

ಮಧ್ಯಾಹ್ನ ಊಟದ ಹೊತ್ತಿಗೆ ಮಣಿಪಾಲ ಬಿಟ್ಟೆ. ಉಡುಪಿಯಿಂದ ಕಾಪುವಿನ ಬಸ್ಸು ಹತ್ತಿದೆ. ದಾರಿಯಲ್ಲಿ ಕಟಪಾಡಿ ಸಿಗುತ್ತದೆ. ಅಲ್ಲಿ ಇಳಿದು ಬೇರೆ ಬಸ್ಸು ಹಿಡಿದರೆ ಶಿರ್ವ, ಇಳಿಯದಿದ್ದರೆ ನೇರ ನಮ್ಮ ಮನೆ. ಕಂಡಕ್ಟರ್ ಕಟಪಾಡಿ ಕಟಪಾಡಿ ಎಂದು ಕೂಗಿದ. ನಾನು ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ಒಂದು ಪೆಟ್ರೋಲ್ ಬಂಕನ್ನು ನೋಡುತ್ತಿದ್ದೆ. ಬಸ್ಸು ಹೊರಟಿತು. ಮುಂದಿನ ನಿಲ್ದಾಣ ಪಾಂಗಾಳ ಬರುವಷ್ಟರಲ್ಲಿ ಮನಸ್ಸಿನೊಳಗೆ ಆ ಗಂಟು ಹಾಕಿದ ಹಗ್ಗ ಇಳಿಯುತ್ತಲೇ ಇತ್ತು, ನೀರು ಸಿಗಲಿಲ್ಲ. ಇಳಿದುಬಿಟ್ಟೆ. ಹಿಂದಕ್ಕೆ ಹೋಗುವ ಬಸ್ಸು ಎಷ್ಟು ಹೊತ್ತಾದರೂ ಬರಲಿಲ್ಲ. ಹೆದ್ದಾರಿಯ ಬದಿಯಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ಕೊರಳಲ್ಲಿ ಟೈ ಇದೆಯೆಂಬುದನ್ನೂ ಮರೆತು ಕಟಪಾಡಿಗೆ ನಡೆದೆ. ನನ್ನಷ್ಟು ಮುಠ್ಠಾಳ ಉಡುಪಿ ಜಿಲ್ಲೆಯಲ್ಲಿ ಇಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡೆ.

ಲಿಲ್ಲಿ ಬಾಯಿ ಜಗಲಿಯಲ್ಲಿ ಕುಳಿತು ಮರುದಿನಕ್ಕೆ ನಾರು ಸೀಳುತ್ತಿದ್ದರು. ಪಕ್ಕದಲ್ಲಿ ಕುಳಿತೆ. ನನಗೆ ಬರುವುದಿಲ್ಲವೆಂದು ಗೊತ್ತಿದ್ದರೂ ಒಂದು ಕಟ್ಟು ನಾರನ್ನು ನನ್ನ ಕಡೆ ದೂಡಿದರು. ಎರಡು ನಾರು ಹಾಳು ಮಾಡಿದ ಮೇಲೆ ಕೇಳಿದೆ: "ಬಾಯಮ್ಮ, ಈ ವರ್ಷ ಮನೆಯಲ್ಲಿ ಎಂತ ಕೆಲಸ ಉಂಟು?"

ಅವರು ಅರ್ಧ ಗಂಟೆ ಮಾತಾಡಿದರು. ಬಾವಿ ಆಳ ಮಾಡಿಸಬೇಕು, ಕಲ್ಲು ಹೋದ ವರ್ಷವೇ ಬಂದು ಬಿದ್ದಿದೆ. ಮಾರ್ಚ್ ಮುಗಿಯುವಾಗ ನೀರು ತಳಕ್ಕೆ ಹೋಗುತ್ತದೆ. ನಿಮ್ಮ ಅಜ್ಜಿಮನೆಯ ಬಾವಿಯಿಂದ ಹೊತ್ತು ತಂದು ಗಿಡಕ್ಕೆ ಹಾಕಿ ಹಾಕಿ ಸೊಂಟ ಹೋಗಿದೆ. ನೀರು ಸಾಲದಿದ್ದರೆ ಮೊಗ್ಗು ಸಣ್ಣದಾಗುತ್ತದೆ, ಹೂವಿನವನು ಮುಖ ಸೊಟ್ಟ ಮಾಡುತ್ತಾನೆ. ಬಾವಿಯ ಕೆಲಸದವನು ಮುಂದಿನ ವಾರ ಬರುತ್ತೇನೆಂದಿದ್ದ. ಮಳೆ ಹಿಡಿದರೆ ಮತ್ತೆ ಒಂದು ವರ್ಷ ಕಾಯಬೇಕು. ನೋಡೋಣ, ಅವನಿಗೆ ಬರುವ ವರ್ಷ ಬಾ ಎಂದು ಹೇಳಿ ಕಳಿಸಿದ್ದೇನೆ.

ಹೇಳಿ ಕಳಿಸಿದ್ದು ಯಾವಾಗ ಎಂದು ನಾನು ಕೇಳಲಿಲ್ಲ. ನಿನ್ನೆ ಸಂಜೆಯೇ ಇರಬೇಕು. ನನ್ನ ಕಣ್ಣು ತುಂಬಿ ಬಂತು. ಬ್ಯಾಗಿನಿಂದ ಲಕೋಟೆ ತೆಗೆದು ನಾರಿನ ಕಟ್ಟಿನ ಪಕ್ಕದಲ್ಲಿಟ್ಟೆ.

"ಇದೆಂತಕ್ಕೆ ವಾಪಸ್? ನಿನ್ನ ಪಾಸು?"

"ಅದಕ್ಕೆಂತ ಅವಸರ ಇಲ್ಲ ಬಾಯಮ್ಮ."

ಅವರು ನಾರು ಸೀಳುವುದನ್ನು ನಿಲ್ಲಿಸಿ ನನ್ನ ಮುಖವನ್ನು ನೋಡಿದರು. ನಂಬಲಿಲ್ಲ, ನಮ್ಮ ಮರ್ಯಾದೆ ಅವರಿಗೆ ಗೊತ್ತಿತ್ತು. ನಿಧಾನವಾಗಿ ನಕ್ಕು, "ಸುಮಿತ್ರನ ಮಗನೇ ಹೌದು ನೀನು" ಎಂದರು. ಸುಮಿತ್ರ ನನ್ನ ಅಮ್ಮ.

ಬೋರ್ಡಿನಲ್ಲಿ ನನ್ನ ಸಂಖ್ಯೆ ಹನ್ನೊಂದರಲ್ಲೇ ನಿಂತಿತು. ಮ್ಯಾನೇಜರರು ಒಳ್ಳೆಯವರೇ, ಕೈ ಕುಲುಕಿ ಶುಭ ಹಾರೈಸಿದರು, ಕೆಲಸದ ಮಾತು ಎತ್ತಲಿಲ್ಲ. ಪದ್ಮಿನಿ ಮೇಡಂ ಲಕೋಟೆ ಎಲ್ಲಿ ಎಂದು ಕೇಳಲಿಲ್ಲ. ಮಧ್ಯಾಹ್ನ ಡಬ್ಬಿ ತೆರೆದು, ಮುಚ್ಚಳದಲ್ಲಿ ಅನ್ನ ಸಾರು ಬಡಿಸಿ ನನ್ನ ಕಡೆಗೆ ಸರಿಸಿದರು. ಎರಡು ತಿಂಗಳು ಆ ಮೇಜಿನ ಸುತ್ತ ಸುಳಿದದ್ದು ಅವರಿಗೆ ತಿಳಿದಿತ್ತೆಂದು ಆಗ ಗೊತ್ತಾಯಿತು. ಮರುವರ್ಷ ಬೇಸಿಗೆಯಲ್ಲಿ ಲಿಲ್ಲಿ ಬಾಯಿಯ ಬಾವಿಯ ನೀರು ಕುಡಿದೆ. ಈಗ ಅವರಿಲ್ಲ. ಮಗಳು ಆ ಮನೆಗೆ ಬಂದು ನಿಂತಿದ್ದಾಳೆ, ಗಿಡಗಳು ಚೆನ್ನಾಗಿವೆ.

ಈ ಕತೆಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ನಾನು ಹೇಳುವ ರೀತಿಯಲ್ಲಿ ಅದರಲ್ಲಿ ಒಬ್ಬ ಧೀರ ವಿದ್ಯಾರ್ಥಿ ಇದ್ದಾನೆ, ತನ್ನ ಕೆಲಸವನ್ನು ಬಿಟ್ಟುಕೊಟ್ಟು ಬಡ ಹೆಂಗಸೊಬ್ಬಳನ್ನು ಕಾಪಾಡುತ್ತಾನೆ. ಚೆಕ್ಕು ಕೊಡುವಾಗ ಅವರು ಕೇಳಿದ ಮಾತನ್ನು ಮಾತ್ರ ಎಂದೂ ಹೇಳಿಲ್ಲ. ಅದನ್ನು ಹೇಳಿದರೆ ಧೀರ ಯಾರೆಂಬುದು ಬದಲಾಗಿಬಿಡುತ್ತದೆ.

ಹುಡುಗಿ ಬರೆಯುತ್ತಿದ್ದ ಸಾಲು ಮುಗಿಯಿತು. ಪೆನ್ನು ಐದು ವರ್ಷದ ಚೌಕಕ್ಕೆ ಬಂತು. ಅವಳ ಮುಖವನ್ನು ನೋಡಿದೆ. ಅವಸರ ಇಲ್ಲ ಎಂದು ನಾನು ಯಾಕೆ ಹೇಳಿದೆ? ಅಷ್ಟು ಆಸೆಯಿಂದ ಕೇಳಿದ ಮಗುವಿಗೆ ಇಲ್ಲ ಎನ್ನಲು ಮನಸ್ಸು ಬರಲಿಲ್ಲ, ಅಷ್ಟೇ. ಲಿಲ್ಲಿ ಬಾಯಿಗೂ ಅಷ್ಟೇ ಆದದ್ದು. ಅವರು ನನ್ನ ಮಾತಿಗೆ ಮೋಸಹೋಗಿರಲಿಲ್ಲ. ತಮ್ಮ ಬಾವಿಯನ್ನು ನನಗೆ ಕೊಟ್ಟಿದ್ದರು. ಅದಕ್ಕಿಂತ ಹತ್ತಿರದ ಇನ್ನೊಂದು ಮಾತು ಆಗ ನನ್ನನ್ನು ಹಿಡಿದು ಅಲುಗಾಡಿಸಿತು: ಮನೆಯ ಎರಡೇ ಮೆಟ್ಟಿಲನ್ನು ಕುಳಿತು ಕುಳಿತು ಇಳಿಯುವ ಅಮ್ಮ ಎರಡು ವರ್ಷದಿಂದ ಇದೇ ಮಾತನ್ನು ಹೇಳುತ್ತಿದ್ದಾಳೆ, ನಾನು ಎರಡು ವರ್ಷದಿಂದ ಅದನ್ನು ನಂಬಿಕೊಂಡು ಬಂದಿದ್ದೇನೆ. ನಂಬುವುದು ನನಗೆ ಅನುಕೂಲವಾಗಿತ್ತು.

"ಬರೆಯಬೇಡಿ" ಎಂದೆ. "ಈ ವರ್ಷ ಮನೆಯಲ್ಲಿ ಎಂತ ಕೆಲಸ ಉಂಟು ಅಂತ ಕೇಳಿ ನನ್ನನ್ನು."

ಅವಳಿಗೆ ಗಲಿಬಿಲಿಯಾಯಿತು. ಆದರೂ ಕೇಳಿದಳು. ಅಮ್ಮನ ಮೊಣಕಾಲಿನ ಆಪರೇಷನ್ ಉಂಟು, ಈ ತಿಂಗಳೇ ಮಾಡಿಸುತ್ತೇನೆ ಎಂದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಹಾಗಾದ್ರೆ ಈ ಹಣ ಇಲ್ಲಿ ಹಾಕುವುದು ಬೇಡ ಸರ್" ಎಂದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಅದನ್ನು ಹೇಳಲು ಪಾಂಗಾಳದಿಂದ ಕಟಪಾಡಿಯವರೆಗೆ ನಡೆಯಬೇಕಾಗಿತ್ತು.

ಎದ್ದು ನಿಂತೆ. ಬಾಗಿಲಿನತ್ತ ಹೊರಟವನು ತಿರುಗಿ, "ನಿಮಗೆ ಪಾಸ್ ಆಗ್ತದಲ್ವಾ?" ಎಂದು ಕೇಳಿದೆ.

"ಆಗ್ತದೆ ಸರ್" ಎಂದು ನಕ್ಕಳು. "ಅದಕ್ಕೆಂತ ಅವಸರ ಇಲ್ಲ."

ಹಿಂದಿರುಗಿ ಬಂದು ಅದೇ ಕುರ್ಚಿಯಲ್ಲಿ ಕುಳಿತೆ. ಹಣ ಮಲಗಿಸಿಡುವುದು ನಾಚಿಕೆಗೇಡು ಎಂದ ಸ್ಟಾಫ್ ರೂಮಿನ ಆ ಸಹೋದ್ಯೋಗಿಗಳ ನಂಬರುಗಳಿರುವ ಫೋನನ್ನು ಜೇಬಿನಿಂದ ಹೊರತೆಗೆದು ಮೇಜಿನ ಮೇಲಿಟ್ಟು ಕೇಳಿದೆ:

"ಇನ್ನು ಎಷ್ಟು ಫಾರ್ಮು ಬಾಕಿ ಉಂಟು?"